ಅಡಿಕೆ ಅಂಗಳದಲ್ಲಿ ಒಂದು ಕ್ವಾರ್ಟರ್ ಪೈಪ್

ಸ್ಕೇಟ್‌ಬೋರ್ಡಿನ 52 ಮಿಲಿಮೀಟರಿನ ಚಕ್ರವನ್ನು ನಿಲ್ಲಿಸಲಿಕ್ಕೆ ಒಂದು ಗೋಟಡಿಕೆ ಸಾಕು. ಚಕ್ರ ನಿಲ್ಲುತ್ತದೆ, ಬೋರ್ಡು ನಿಲ್ಲುತ್ತದೆ, ಮೇಲೆ ನಿಂತವನು ಮಾತ್ರ ಮುಂದೆ ಹೋಗುತ್ತಾನೆ. 2022ರ ಅಕ್ಟೋಬರಿನಲ್ಲಿ ದೊಡ್ಡಪ್ಪನ ಅಂಗಳದಲ್ಲಿ ನಾನು ಹೀಗೆ ಮುಂದೆ ಹೋಗಿ, ಮೊಣಕೈ ತರಚಿಕೊಂಡು ಕೂತಿದ್ದಾಗ ಬೇಲಿಯ ಆಚೆ ಮೂವರು ಹುಡುಗರು ನಿಂತು ನೋಡುತ್ತಿದ್ದರು. ಒಬ್ಬ ಕೇಳಿದ, “ಅಣ್ಣಾ, ಇನ್ನೊಂದು ಸಲ ಬೀಳ್ತೀರಾ?”

ಬಿದ್ದೆ. ಆ ವಾರ ಇಡೀ ಬಿದ್ದೆ.

ನಮ್ಮ ಊರು ಪುತ್ತೂರು ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ. ರಸ್ತೆಗೆ ಕಾಂಕ್ರೀಟ್ ಬಿದ್ದಿದೆ, ಆದರೆ ಅದು ಏರಿರುತ್ತದೆ, ಇಲ್ಲವೇ ಇಳಿದಿರುತ್ತದೆ. ಸಪಾಟು ಜಾಗ ಅಂತ ಇರುವುದು ಎರಡೇ. ಒಂದು ಶಾಲೆಯ ಮೈದಾನ, ಅದು ಕೆಂಪು ಮಣ್ಣು. ಇನ್ನೊಂದು ಅಡಿಕೆ ಒಣಗಿಸುವ ಸಿಮೆಂಟು ಅಂಗಳ. ಎಂಟು ವರ್ಷ ಬೆಂಗಳೂರಿನಲ್ಲಿದ್ದು, ಅಲ್ಲೇ ಇಪ್ಪತ್ತಾರನೆಯ ವಯಸ್ಸಿಗೆ ಸ್ಕೇಟ್‌ಬೋರ್ಡ್ ಹತ್ತಲು ಕಲಿತು, ಮನೆಯಿಂದಲೇ ಕೆಲಸ ಅಂತಾದ ಮೇಲೆ ಊರಿಗೆ ಬಂದವನಿಗೆ ಆ ಅಂಗಳ ಕಂಡಾಗ ಆದ ಖುಷಿ ಹೇಳಿ ಮುಗಿಯುವಂಥದ್ದಲ್ಲ. ಅಷ್ಟು ನುಣುಪು. ಬೆಂಗಳೂರಿನಲ್ಲಿ ಇಂಥ ನೆಲ ಹುಡುಕಿಕೊಂಡು ನಾವು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿ ಸೆಕ್ಯುರಿಟಿಯವರ ಹತ್ತಿರ ಬೈಸಿಕೊಂಡದ್ದುಂಟು.

ಖುಷಿ ಹೆಚ್ಚು ದಿನ ಬರಲಿಲ್ಲ. ನಮ್ಮ ಕಡೆ ಮಾಡುವುದು ಚಾಲಿ ಅಡಿಕೆ. ಹಣ್ಣಡಿಕೆಯನ್ನು ಕೊಯ್ದು ಸಿಪ್ಪೆ ಸಮೇತ ನಲವತ್ತು ಚಿಲ್ಲರೆ ದಿನ ಬಿಸಿಲಿಗೆ ಹಾಕಬೇಕು. ಒಂದು ಕೊಯ್ಲು ಒಣಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ತನಕ ಅಂಗಳ ಅಡಿಕೆಯದ್ದು. ಮೇ ಕಳೆದರೆ ಮಳೆ, ಮಳೆ ಬಂದರೆ ಸಿಮೆಂಟಿನ ಮೇಲೆ ಹಾವಸೆ, ಬರಿಗಾಲಲ್ಲಿ ನಡೆದರೂ ಜಾರುತ್ತದೆ. ಅಂಗಳ ಖಾಲಿ ಇರುವಾಗ ಮಳೆ, ಮಳೆ ಇಲ್ಲದಾಗ ಅಡಿಕೆ. ವರ್ಷದಲ್ಲಿ ನಮಗೆ ಸಿಗುವುದು ಅಕ್ಟೋಬರ್, ನವೆಂಬರ್, ಮತ್ತೆ ಮೇ ತಿಂಗಳ ಒಂದು ತುಂಡು.

2022 ನವೆಂಬರ್: ಮರದ್ದು

ಕೊಟ್ಟಿಗೆ ಖಾಲಿ ಇತ್ತು. ದನ ಕೊಟ್ಟು ಮೂರು ವರ್ಷವಾಗಿತ್ತು. ಮಾಡಿನ ಕೆಳಗೆ ಒಂದು ಮರದ ರ‍್ಯಾಂಪ್ ಇಟ್ಟರೆ ಮಳೆಗಾಲದಲ್ಲೂ ಆಡಬಹುದು ಅನ್ನುವುದು ನನ್ನ ಲೆಕ್ಕ. ಒಂದು ಬದಿಗೆ ಮಾತ್ರ ಬಾಗಿ ಏರುವ, ಮೂರು ಅಡಿ ಎತ್ತರದ ಕ್ವಾರ್ಟರ್ ಪೈಪ್.

ಅಳತೆ ಬರೆದಿಡುತ್ತೇನೆ, ಬೇಕಾದವರಿಗೆ ಬೇಕಾಗುತ್ತದೆ. ಬಾಗು ಅಂದರೆ ವೃತ್ತದ ಒಂದು ತುಂಡು. ನಾವು ಹಿಡಿದ ತ್ರಿಜ್ಯ ಆರೂವರೆ ಅಡಿ. ಆ ವೃತ್ತದಲ್ಲಿ ಮೂರು ಅಡಿ ಎತ್ತರ ಏರಬೇಕಾದರೆ ನೆಲದ ಮೇಲೆ ಐದೂವರೆ ಅಡಿ ಉದ್ದ ಬೇಕು, ಬಾಗಿದ ಮೈಯ ಉದ್ದ ಆರೂವರೆ ಅಡಿ ಆಗುತ್ತದೆ. ಎಂಟು ಅಡಿಯ ಪ್ಲೈ ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. ತ್ರಿಜ್ಯ ಕಡಿಮೆ ಮಾಡಿದರೆ ಬಾಗು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಹೊಸಬರು ಹೆದರುತ್ತಾರೆ. ಹೆಚ್ಚು ಮಾಡಿದರೆ ಬರೀ ಇಳಿಜಾರು, ಮಜಾ ಇಲ್ಲ. ಮೊದಲು ಮೊಳೆಗೆ ಹಗ್ಗ ಕಟ್ಟಿ ವೃತ್ತ ಎಳೆದೆ. ಹಗ್ಗ ಎಳೆದಂತೆ ಹಿಗ್ಗುತ್ತದೆ, ಎರಡು ಪಕ್ಕೆಗೆ ಎರಡು ಥರದ ಬಾಗು ಬಂತು. ಉದ್ದದ ರೀಪಿಗೆ ಒಂದು ತುದಿಯಲ್ಲಿ ಮೊಳೆ, ಆರೂವರೆ ಅಡಿಗೆ ತೂತು, ತೂತಿನಲ್ಲಿ ಪೆನ್ಸಿಲ್. ಇದು ಸರಿ.

ಪಕ್ಕೆಗೆ 18 ಮಿ.ಮೀ. ಪ್ಲೈ, ನಡುವೆ ಎಂಟು ಇಂಚಿಗೊಂದರಂತೆ ಹೆಬ್ಬಲಸಿನ ಅಡ್ಡಪಟ್ಟಿ, ಮೇಲೆ 9 ಮಿ.ಮೀ. ಪ್ಲೈ ಎರಡು ಪದರ. ದಪ್ಪದ್ದು ಒಂದೇ ಹಾಳೆ ಹಾಕಿದರೆ ಬಗ್ಗುವುದಿಲ್ಲ. ತುದಿಯ ಕಬ್ಬಿಣ, ಅಂದರೆ ಕೋಪಿಂಗ್, ಎಲ್ಲಿ ಸಿಗುತ್ತದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನೋಡಿದರೆ ಅದು ಪ್ಲಂಬಿಂಗ್ ಅಂಗಡಿಯ ಎರಡು ಇಂಚಿನ ಜಿ.ಐ. ಪೈಪು. ಹೆಸರಿಗೆ ಎರಡು ಇಂಚು, ಹೊರಗಿನ ಅಳತೆ 60.3 ಮಿ.ಮೀ. ಅಮೆರಿಕದ ಸ್ಕೇಟ್‌ಪಾರ್ಕುಗಳಲ್ಲಿ ಹಾಕುವ ಅಳತೆಯೂ ಅದೇ, ಕಾರಣ ಅಲ್ಲೂ ಹಾಕುವುದು ಹೆಸರಿಗೆ ಎರಡು ಇಂಚಿನ ಪೈಪನ್ನೇ.

ತಪ್ಪಿದ್ದು ಪ್ಲೈಯಲ್ಲಿ. ಅಂಗಡಿಯಲ್ಲಿ “ವಾಟರ್‌ಪ್ರೂಫ್” ಅಂದರು, ನಾನು ತಂದೆ. ಹಾಳೆಯ ಮೇಲಿನ ಮುದ್ರೆ ಓದಬೇಕಿತ್ತು. ಮೆರೈನ್ ಪ್ಲೈ ಆದರೆ ಐ.ಎಸ್. 710 ಅಂತಿರುತ್ತದೆ. ನಾನು ತಂದದ್ದರ ಮೇಲೆ ಐ.ಎಸ್. 303 ಇತ್ತು, ಅದರಲ್ಲೂ ಎಂ.ಆರ್. ದರ್ಜೆ, ಅಂದರೆ ಸ್ವಲ್ಪ ತೇವ ಮಾತ್ರ ತಡೆಯುವುದು. ಮನೆಯ ಕಪಾಟಿಗೆ ಸಾಕು, ನಮ್ಮ ಮಳೆಗಾಲಕ್ಕೆ ಅಲ್ಲ.

2023 ಜುಲೈ

ಉಬ್ಬಿತು. ಮಾಡಿನಿಂದ ಒಂದು ಹನಿ ಬೀಳಲಿಲ್ಲ, ಟಾರ್ಪಾಲು ಬೇರೆ ಹೊದೆಸಿದ್ದೆ. ನೀರು ಬಂದದ್ದು ಕೆಳಗಿನಿಂದ, ನೆಲದ ತೇವದಿಂದ. ಪದರಗಳು ನೀರುದೋಸೆಯ ಹಾಗೆ ಒಂದೊಂದೇ ಬಿಟ್ಟುಕೊಂಡವು. ಹೆಬ್ಬಲಸಿನ ಪಟ್ಟಿಗಳು ಮಾತ್ರ ಇವತ್ತಿಗೂ ಗಟ್ಟಿ ಉಂಟು, ದೊಡ್ಡಮ್ಮನ ತೊಂಡೆ ಚಪ್ಪರದಲ್ಲಿ.

ಉಳಿದ ಒಣ ತುಂಡಿನಲ್ಲಿ ಹುಡುಗರು ತಾವೇ ಒಂದು ಬೋರ್ಡು ಕೊಯ್ದರು. ಎರಡು ವಾರಕ್ಕೆ ನಡುವೆ ಮುರಿಯಿತು. ಒಳ್ಳೆಯ ಡೆಕ್ (ಬೋರ್ಡಿನ ಹಲಗೆ) ಅಂದರೆ ಏಳು ಪದರ ಮೇಪಲ್, ಅಚ್ಚಿನಲ್ಲಿ ಒತ್ತಿ ಬಾಗಿಸಿದ್ದು, ಕೆಲವು ಪದರದ ನಾರು ಅಡ್ಡ, ಉಳಿದದ್ದು ಉದ್ದ. ಅದನ್ನು ವಿವರಿಸಿ ಹೇಳುವುದಕ್ಕಿಂತ ಮುರಿದ ತುಂಡನ್ನು ಕೈಯಲ್ಲಿ ಕೊಟ್ಟದ್ದು ಸುಲಭವಾಯಿತು.

ಪ್ರಚಾರ ಅನ್ನುವ ಹುಚ್ಚು

ಆ ವರ್ಷ ನಾನು ಮಾಡಿದ ಇನ್ನೊಂದು ತಪ್ಪು ಬೋರ್ಡಿಗೆ ದುಡ್ಡು ಸುರಿದದ್ದು, ಪೋಸ್ಟರ್ ಮಾಡಿಸಿದ್ದು. ಬೆಂಗಳೂರಿನ ಸ್ನೇಹಿತರಿಂದ ಮೂರು ಹಳೆಯ ಬೋರ್ಡು ತರಿಸಿದೆ. ವಾಟ್ಸಾಪ್ ಗುಂಪು ಮಾಡಿದೆ. ಅದರಲ್ಲಿ 64 ಜನ ಸೇರಿದರು, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಬರುತ್ತಿತ್ತು, ಸ್ಕೇಟ್ ಮಾಡಲಿಕ್ಕೆ ಬರುತ್ತಿದ್ದವರು ಅದೇ ಮೂವರು. ಒಂದು ಶಾಲೆಯಲ್ಲಿ ಪ್ರದರ್ಶನ ಕೊಡಲು ಒಪ್ಪಿಸಿದೆ. ಹೋಗಿ ನೋಡಿದರೆ ಜಾಗ ಮೈದಾನ. ಕೆಂಪು ಮಣ್ಣಿನಲ್ಲಿ ಬೋರ್ಡು ಉರುಳುವುದಿಲ್ಲ ಅಂತ ಮೊದಲೇ ಹೇಳಬೇಕಾದವನು ನಾನೇ. ಮುನ್ನೂರು ಮಕ್ಕಳ ಎದುರು ಬೋರ್ಡನ್ನು ಕೈಯಲ್ಲಿ ಹಿಡಿದು ಭಾಷಣ ಮಾಡಿ ಬಂದೆ.

ಭಾಷಣದಲ್ಲಿ ಹೇಳಿದ್ದೆಲ್ಲ ನಿಜವೇ. ಕ್ಯಾಲಿಫೋರ್ನಿಯಾದ ಸರ್ಫರ್‌ಗಳು 1950ರ ಹೊತ್ತಿಗೆ ಅಲೆ ಇಲ್ಲದ ದಿನ ಹಲಗೆಗೆ ಚಕ್ರ ಜಡಿದುಕೊಂಡದ್ದರಿಂದ ಈ ಆಟ ಹುಟ್ಟಿತು. 70ರ ದಶಕದ ಮೊದಲಿಗೆ ರಬ್ಬರಿನಂಥ ಯುರೆಥೇನ್ ಚಕ್ರ ಬಂದ ಮೇಲೆ ನೆಲವನ್ನು ಹಿಡಿದು ಓಡುವಂತಾಯಿತು. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಅನ್ನುವ ಸ್ಕೇಟರ್ ಬಳಗದವರು 2013ರಲ್ಲಿ ಹೊರದೇಶದಿಂದ ಬಂದ ಸ್ಕೇಟರ್‌ಗಳ ಜೊತೆ ಸೇರಿ ಪಾರ್ಕು ಕಟ್ಟಿದರು. ಬೆಂಗಳೂರಿನವರೇ ಆದ ಅತಿತಾ ವರ್ಗೀಸ್ ಹುಡುಗಿಯರಿಗಾಗಿ ಗರ್ಲ್ ಸ್ಕೇಟ್ ಇಂಡಿಯಾ ಶುರು ಮಾಡಿದರು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಅನ್ನುವ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಕಟ್ಟಿಸಿದ ಪಾರ್ಕಿಗೆ ಎರಡೇ ನಿಯಮ: ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ, ಮತ್ತು ಹುಡುಗಿಯರಿಗೆ ಮೊದಲ ಸರದಿ. ಮಕ್ಕಳು ಚಪ್ಪಾಳೆ ತಟ್ಟಿದರು. ಯಾರೂ ಬರಲಿಲ್ಲ. ಎಲ್ಲಿಗೆ ಬರಬೇಕಿತ್ತು? ಅಂಗಳದಲ್ಲಿ ಅಡಿಕೆ, ಕೊಟ್ಟಿಗೆಯಲ್ಲಿ ಕೊಳೆತ ಪ್ಲೈ.

2024 ಫೆಬ್ರವರಿ: ದೊಡ್ಡಪ್ಪನ ಲೆಕ್ಕ

ದೊಡ್ಡಪ್ಪನಿಗೆ ಸ್ಕೇಟ್‌ಬೋರ್ಡಿನ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ದೊಡ್ಡಮ್ಮ ಅದಕ್ಕೆ “ಚಕ್ರದ ಮಣೆ” ಅಂತ ಹೆಸರಿಟ್ಟಿದ್ದರು, ಹುಡುಗರೂ ಈಗ ಮಣೆ ಅಂತಲೇ ಹೇಳುವುದು. ಒಂದು ಸಂಜೆ ಅಡಿಕೆ ಹರಗುತ್ತಾ ದೊಡ್ಡಪ್ಪ ಹೇಳಿದರು, “ಈ ಸಲ ಫಸಲು ಜೋರುಂಟು. ಅಂಗಳ ಸಾಕಾಗುವುದಿಲ್ಲ. ಕೊಟ್ಟಿಗೆ ತೆಗೆದು ಅಲ್ಲಿ ಕಾಂಕ್ರೀಟ್ ಹಾಕುವ ಅಂತ.”

ನಾನು ಕೂಡಲೇ ಹೇಳಿದೆ, “ನನ್ನದು ಅರ್ಧ ದುಡ್ಡು. ಒಂದು ತುದಿ ನಾನು ಹೇಳಿದ ಹಾಗೆ ಬಾಗಬೇಕು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಬಾಗಿದ ಕಡೆ ಅಡಿಕೆ ನಿಲ್ಲುತ್ತದಾ?”

“ಇಲ್ಲ.”

“ಹಾಗಾದರೆ ಬಾಗಿದ್ದರ ದುಡ್ಡು ಪೂರ್ತಿ ನಿನ್ನದು.”

ಹೀಗೆ 40 ಅಡಿ ಉದ್ದ, 20 ಅಡಿ ಅಗಲದ ಜಾಗ ಸಿಕ್ಕಿತು. ಒಂದು ತುದಿಗೆ 12 ಅಡಿ ಅಗಲದ ಕ್ವಾರ್ಟರ್ ಪೈಪ್, ಅದರ ಹಿಂದೆ ನಿಲ್ಲಲು ಮೂರು ಅಡಿಯ ಜಗಲಿ. ಇನ್ನೊಂದು ತುದಿಗೆ ಒಂದೂವರೆ ಅಡಿ ಎತ್ತರದ ಸಾದಾ ಇಳಿಜಾರು. ನಡುವೆ ಇಪ್ಪತ್ತನಾಲ್ಕು ಅಡಿ ಸಪಾಟು. ಮೂರು ಅಡಿ ಮೇಲಿನಿಂದ ಕಾಲಲ್ಲಿ ನೂಕದೆ ಇಳಿದರೂ ಲೆಕ್ಕದ ಪ್ರಕಾರ ಗಂಟೆಗೆ 15 ಕಿಲೋಮೀಟರ್ ಹತ್ತಿರದ ವೇಗ ಬರುತ್ತದೆ. ಸಪಾಟು ಇದಕ್ಕಿಂತ ಗಿಡ್ಡವಾದರೆ ನೆಟ್ಟಗೆ ನಿಲ್ಲುವ ಮೊದಲೇ ಎದುರಿನ ಇಳಿಜಾರು ಬಂದುಬಿಡುತ್ತದೆ.

ಮಾರ್ಚ್: ಕೆಂಪುಕಲ್ಲು, ಮಣ್ಣು, ಕಂಬಿ

ರ‍್ಯಾಂಪಿನ ಹೊಟ್ಟೆಗೆ ಕಾಂಕ್ರೀಟ್ ತುಂಬುವುದು ದುಡ್ಡಿನ ದಂಡ. ಮೂರು ಕಡೆ ಕೆಂಪುಕಲ್ಲಿನ ಗೋಡೆ ಎತ್ತಿ, ಒಳಗೆ ಕಲ್ಲಿನ ಚೂರು ಮತ್ತೆ ಕೆಂಪು ಮಣ್ಣು ಹಾಕಿ, ಆರಾರು ಇಂಚಿಗೆ ನೀರು ಚಿಮುಕಿಸಿ ದಮ್ಮಸು ಮಾಡಿದೆವು. ಇಲ್ಲಿ ಸೋಮಾರಿತನ ಮಾಡಿದರೆ ಮೊದಲ ಮಳೆಗೆ ಮಣ್ಣು ಕುಗ್ಗಿ ಮೇಲಿನ ಕಾಂಕ್ರೀಟ್ ಟೊಳ್ಳಾಗುತ್ತದೆ. ಆಮೇಲೆ ಮಣ್ಣನ್ನೇ ಬಾಗಿಗೆ ಸರಿಯಾಗಿ ಕೆರೆದು, ಅದರ ಮೇಲೆ 8 ಮಿ.ಮೀ. ಕಂಬಿಯನ್ನು ಅಡಿಗೊಂದರಂತೆ ಬಲೆ ಕಟ್ಟಿದ್ದು. ಇಡೀ ಅಂಗಳಕ್ಕೆ ಸುಮಾರು 200 ಕೆ.ಜಿ. ಕಂಬಿ ಹಿಡಿಯಿತು.

ಮೇಸ್ತ್ರಿ ನಮ್ಮ ಊರಿನವರೇ, ಮೂವತ್ತು ವರ್ಷದ ಅನುಭವ. ಅವರ ಮನೆ ಕಟ್ಟುವ ಕೈ ಯಾವುದನ್ನೂ ಬಾಗಿಸಲು ಒಪ್ಪುವುದಿಲ್ಲ. ತೂಗುಗುಂಡು ಇಳಿಬಿಟ್ಟು, ರಸಮಟ್ಟ ಇಟ್ಟು ನೋಡಿ, “ಇದು ಎಲ್ಲಿಯೂ ಮಟ್ಟ ಇಲ್ಲವಲ್ಲ ಮಾರಾಯ್ರೆ” ಅಂತ ಬೇಸರಪಟ್ಟುಕೊಂಡರು. ಹಳೆಯ ರ‍್ಯಾಂಪಿನ ಒಂದು ಪಕ್ಕೆ ಒಣಗಿ ಉಳಿದಿತ್ತು. ಅದರ ಬಾಗನ್ನು ಹೊಸ ಮೆರೈನ್ ಪ್ಲೈಗೆ ಇಳಿಸಿ, ಉಲ್ಟಾ ಕೊಯ್ದು, ಎಳೆಯುವ ಅಚ್ಚು ಮಾಡಿ ಕೈಗೆ ಕೊಟ್ಟೆ. ಅದನ್ನು ಹಿಡಿದ ಮೇಲೆ ಅವರ ಮುಖ ತಿಳಿಯಾಯಿತು. ಅಚ್ಚು ಅಂದರೆ ಅವರಿಗೆ ಗೊತ್ತು. ದೇವಸ್ಥಾನದ ಕಮಾನು ಮಾಡಿದ ಕೈ ಅದು.

ಮಾರ್ಚ್ 31, ಭಾನುವಾರ

ಮೊದಲು ಬಾಗು, ಆಮೇಲೆ ನೆಲ. ಈ ಕ್ರಮ ತಪ್ಪಿಸಬಾರದು. ನೆಲ ಮೊದಲು ಹಾಕಿದರೆ ಅದರ ಮೇಲೆಯೇ ನಿಂತು, ಬಾಂಡ್ಲಿ ಬೀಳಿಸಿ ಗಾಯ ಮಾಡುತ್ತೀರಿ.

ಬಾಗಿಗೆ ಹಾಕುವ ಕಾಂಕ್ರೀಟ್ ಗಟ್ಟಿ ಇರಬೇಕು, ಇಲ್ಲವಾದರೆ ಮೇಲಿನದ್ದು ಕೆಳಗೆ ಇಳಿದು ಬುಡದಲ್ಲಿ ಹೊಟ್ಟೆ ಬರುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಹಾಗೆಯೇ ನಿಲ್ಲುವಷ್ಟು ನೀರು. ಮೇಸ್ತ್ರಿ ಒಂದು ಉಂಡೆ ಮಾಡಿ ನನ್ನ ಕಡೆ ಚಾಚಿ ಕೇಳಿದರು, “ಇದು ಕಾಂಕ್ರೀಟಾ, ಪುಂಡಿ ಹಿಟ್ಟಾ?” ಪುಂಡಿ ಹಿಟ್ಟೇ ಬೇಕು ಅಂದೆ. ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಹೋಗಿ, ಅಚ್ಚು ಎಳೆದು, ಕರಣೆಯಲ್ಲಿ ಮೂರು ಸಲ ಉಜ್ಜಿದೆವು.

ಎರಡು ಕಡೆ ಎಡವಟ್ಟಾಯಿತು. ನಾನು ನೀರು ಕುಡಿದು ಬರುವಷ್ಟರಲ್ಲಿ ಮೇಸ್ತ್ರಿಯ ಜೊತೆಗಾರ ಬಾಗಿನ ಮೇಲೆ ಹಗ್ಗ ಒತ್ತಿ ಗೀರು ಹಾಕಲು ಶುರು ಮಾಡಿದ್ದ. ಕಾರು ಹತ್ತುವ ಇಳಿಜಾರಿಗೆ ಜಾರದ ಹಾಗೆ ಹಾಕುತ್ತಾರಲ್ಲ, ಹಾಗೆ. ಪಾಪ, ಅವನದ್ದು ಒಳ್ಳೆಯ ಮನಸ್ಸು. ಎರಡು ಗೀರಿಗೆ ಓಡಿ ಹೋಗಿ ತಡೆದೆ, ಹಸಿ ಇತ್ತು, ಮುಚ್ಚಿತು. ನುಣುಪು ಬರಲಿ ಅಂತ ಒಣ ಸಿಮೆಂಟ್ ಎರಚಿ ಉಜ್ಜಲು ಹೊರಟದ್ದನ್ನೂ ತಡೆದೆ. ಅದು ನೋಡಲು ಕನ್ನಡಿ, ಆರು ತಿಂಗಳಲ್ಲಿ ಮೇಲಿನ ಪದರ ಪುಡಿಪುಡಿಯಾಗಿ ಏಳುತ್ತದೆ.

ಎರಡನೆಯದ್ದು ಪೈಪು. ಕೋಪಿಂಗ್ ಬಾಗಿನ ಮೈಯಿಂದ 8 ಮಿ.ಮೀ. ಹೊರಗೆ ಚಾಚಿರಬೇಕು. ಅಷ್ಟಿದ್ದರೆ ಟ್ರಕ್ಕಿಗೆ, ಅಂದರೆ ಬೋರ್ಡಿನಡಿ ಚಕ್ರ ಹಿಡಿದಿರುವ ಲೋಹದ ಭಾಗಕ್ಕೆ, ಹಿಡಿತ ಸಿಗುತ್ತದೆ, ಚಕ್ರಕ್ಕೆ ತಡೆಯಾಗುವುದಿಲ್ಲ. ಕಂಬಿಗೆ ಬೆಸುಗೆ ಹಾಕುವಾಗ ಎಡತುದಿ ಸ್ವಲ್ಪ ಕದಲಿತ್ತು, ಯಾರಿಗೂ ಕಾಣಲಿಲ್ಲ. ಮರುದಿನ ಅಳೆದರೆ ಬಲಕ್ಕೆ 8, ಎಡಕ್ಕೆ 20. ಮೇಲಿನಿಂದ ವಾಪಸ್ ಇಳಿಯುವಾಗ ಹಿಂದಿನ ಚಕ್ರ ಅಲ್ಲಿ ಸಿಕ್ಕಿಹಾಕಿಕೊಂಡು ಮೂಗಿಗೆ ಬೀಳುವುದು ಖಂಡಿತ. ಆಮೇಲೆ ಒಂದು ಸೆಂಟಿಮೀಟರ್ ಗಾರೆ ಹಚ್ಚಿ ಸರಿಮಾಡಲು ನೋಡಿದೆ. ಅಷ್ಟು ತೆಳು ಗಾರೆ ಹಳೆಯ ಕಾಂಕ್ರೀಟಿಗೆ ಹಿಡಿಯುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದರು, ಮೂರು ವಾರದಲ್ಲಿ ಚಕ್ಕೆ ಎದ್ದಿತು. ಈಗ ಹಾಗೆಯೇ ಬಿಟ್ಟಿದ್ದೇವೆ. ಮಕ್ಕಳು ಆ ಮೂಲೆಗೆ “ಹಲ್ಲು” ಅಂತ ಹೆಸರಿಟ್ಟಿದ್ದಾರೆ. ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ, “ಹಲ್ಲಿನ ಕಡೆ ಹೋಗಬೇಡ.”

ಏಪ್ರಿಲ್ 7, ಭಾನುವಾರ

ನೆಲ. ನಾಲ್ಕು ಇಂಚು ದಪ್ಪ, ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಬಾಗೂ ಸೇರಿ 60 ಚೀಲ ಸಿಮೆಂಟ್. ಅಡ್ಡಕ್ಕೆ, ಇಪ್ಪತ್ತು ಅಡಿಗೆ ಎರಡೂವರೆ ಇಂಚಿನ ವಾಟ. ಸ್ಕೇಟ್ ಮಾಡುವಾಗ ಗೊತ್ತಾಗುವುದಿಲ್ಲ, ಮಳೆ ನೀರು ಮಾತ್ರ ನಿಲ್ಲುವುದಿಲ್ಲ.

ಬೆಳಿಗ್ಗೆ ಆರಕ್ಕೆ ಬರಬೇಕಾದ ಮಿಕ್ಸರ್ ಒಂಬತ್ತೂವರೆಗೆ ಬಂತು. ಇನ್ನೊಂದು ದಿನ ನೋಡುವ ಅನ್ನುವ ಹಾಗಿಲ್ಲ, ಏಪ್ರಿಲ್ ನಡುವಿಗೆ ಪುತ್ತೂರು ಜಾತ್ರೆ, ಆಮೇಲೆ ಹತ್ತು ದಿನ ಕೆಲಸದವರು ಸಿಗುವುದಿಲ್ಲ. ನಡು ಮಧ್ಯಾಹ್ನದ ಬಿಸಿಲಿಗೆ ಸುರಿದೆವು. ಮೇಲ್ಮೈ ಒಣಗುವ ವೇಗಕ್ಕೆ ಒಳಗಿನ ನೀರು ಮೇಲೆ ಬರಲು ಪುರುಸೊತ್ತಿಲ್ಲ, ಕೂದಲೆಳೆಯ ಬಿರುಕು ಕಣ್ಣೆದುರೇ ಓಡಾಡಿದವು. ಹಸಿ ಇದ್ದಲ್ಲಿ ಕರಣೆ ಒತ್ತಿ ಮುಚ್ಚಿದೆವು. ಒಂದೆರಡು ಉಳಿದವು, ಚಕ್ರಕ್ಕೆ ತಾಗುವುದಿಲ್ಲ, ನನ್ನ ಕಣ್ಣಿಗೆ ತಾಗುತ್ತವೆ. ಮರುದಿನ ಬೆಳಿಗ್ಗೆ ಗ್ರೈಂಡರಿನಲ್ಲಿ ಹತ್ತತ್ತು ಅಡಿಗೆ ಒಂದು ಇಂಚು ಆಳದ ಸೀಳು ಹಾಕಿದ್ದು. ಕಾಂಕ್ರೀಟ್ ಬಿರಿಯದೆ ಬಿಡುವುದಿಲ್ಲ, ಬಿರಿಯುವುದಾದರೆ ಈ ಗೆರೆಯಲ್ಲಿ ಬಿರಿ ಅಂತ ಜಾಗ ಮಾಡಿಕೊಡುವುದು.

ಹದಿನಾಲ್ಕು ದಿನ ನೀರು

ನನ್ನ ಮಟ್ಟಿಗೆ ಎಲ್ಲವೂ ಶುರುವಾದದ್ದು ಇಲ್ಲಿ.

ಹೊಸ ಕಾಂಕ್ರೀಟ್ ಎರಡು ವಾರ ಒದ್ದೆ ಇರಬೇಕು. ಸಪಾಟಿಗೆ ಸುತ್ತ ಮಣ್ಣಿನ ದಂಡೆ ಕಟ್ಟಿ ನೀರು ನಿಲ್ಲಿಸಬಹುದು, ಬಾಗಿದ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಅದಕ್ಕೆ ಗೋಣಿ ಹೊದೆಸಿ ಒಂದೆರಡು ಗಂಟೆಗೊಮ್ಮೆ ನೆನೆಸಬೇಕು. ತೋಟದ ಸ್ಪ್ರಿಂಕ್ಲರ್ ಒಂದನ್ನು ತಿರುಗಿಸಿ ಇಟ್ಟೆ, ಆದರೆ ಮೂರು ಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಹೊತ್ತುಗೊತ್ತಿಲ್ಲದೆ. ನನಗೆ ಹಗಲಿಡೀ ಆಫೀಸಿನ ಮೀಟಿಂಗು.

ಶಾಲೆಗೆ ರಜೆ ಸಿಕ್ಕಿತ್ತು. ಮೂವರು ಹುಡುಗರಿಗೆ ಹೇಳಿದೆ, “ನೀರು ಹಾಕುವವರಿಗೆ ಮೊದಲ ಸರದಿ.” ಎರಡನೆಯ ದಿನ ಏಳು ಜನ. ಐದನೆಯ ದಿನ ಹದಿಮೂರು, ಅದರಲ್ಲಿ ನಾಲ್ವರು ಹುಡುಗಿಯರು. ತೋಡಿನಿಂದ ಕೊಡಪಾನದಲ್ಲಿ ಸಾಲು ಹಚ್ಚಿ ನೀರು ತಂದರು. ಯಾರು ಎಷ್ಟು ಹೊತ್ತಿಗೆ ಅಂತ ಕೆಂಪುಕಲ್ಲಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದುಕೊಂಡರು, ನಾನು ಹೇಳಿದ್ದಲ್ಲ. ಬಾರದವನ ಹೆಸರಿಗೆ ಅಡ್ಡಗೆರೆ. ವಾಟ್ಸಾಪಿನಲ್ಲಿದ್ದ 64 ಜನರಲ್ಲಿ ಒಬ್ಬರೂ ಈ ಹದಿಮೂರರಲ್ಲಿ ಇರಲಿಲ್ಲ. ಹದಿನಾಲ್ಕನೆಯ ದಿನ ಗೋಣಿ ತೆಗೆದಾಗ ಅಂಗಳ ನನ್ನದೂ ಅಲ್ಲ, ದೊಡ್ಡಪ್ಪನದ್ದೂ ಅಲ್ಲ ಅನ್ನುವ ಹಾಗೆ ಅವರು ಅದನ್ನು ನೋಡುತ್ತಿದ್ದರು. ಚಪ್ಪಲಿ ಹಾಕಿ ಹತ್ತಿದ್ದಕ್ಕೆ ನನಗೇ ಬೈದರು.

ಮೇ: ಬೋರ್ಡು ಕಡಿಮೆ, ಜನ ಹೆಚ್ಚು

ಹದಿಮೂರು ಜನಕ್ಕೆ ಐದು ಬೋರ್ಡು. ಅದರಲ್ಲಿ ಒಂದು ಆಟಿಕೆ ಅಂಗಡಿಯದ್ದು, ಪ್ಲಾಸ್ಟಿಕ್ ಚಕ್ರ, ಅದರಲ್ಲಿ ಕಲಿಯುವುದು ಅಂದರೆ ತಿರುಪತಿಗೆ ಮೊಣಕಾಲಲ್ಲಿ ಹೋದಂತೆ. ಆದರೂ ಕಡಿಮೆ ಇದ್ದದ್ದು ಒಳ್ಳೆಯದೇ ಆಯಿತು. ಒಬ್ಬ ಇಳಿದರೆ ಇನ್ನೊಬ್ಬನಿಗೆ ಕೊಡಬೇಕು, ಕೊಟ್ಟ ಮೇಲೆ ನಿಂತು ನೋಡಬೇಕು, ನೋಡುತ್ತಾ ನಾಲ್ಕು ಮಾತು ಹೇಳಬೇಕು. ನಾನು ಕಲಿಸಿದ್ದು ಬೀಳುವುದು ಹೇಗೆ ಅಂತ ಮಾತ್ರ: ಕೈ ಊರಬೇಡ, ಭುಜಕ್ಕೆ ಉರುಳು. ಬೈಹುಲ್ಲಿನ ಮೇಲೆ ಎರಡು ದಿನ ಬರೀ ಅದೇ. ಹೆಲ್ಮೆಟ್ ನಾಲ್ಕೇ ಇದ್ದವು, ಹಾಗಾಗಿ ಒಂದು ಸಲಕ್ಕೆ ನಾಲ್ವರು ಅಂತ ನಿಯಮ ತನ್ನಿಂದ ತಾನೇ ಆಯಿತು.

ಒಬ್ಬಳ ತಾಯಿ ಒಂದು ದಿನ ಬಂದು ಬದಿಯಲ್ಲಿ ನಿಂತು ಕೇಳಿದರು, “ಹುಡುಗಿಯರಿಗೆ ಇದೆಲ್ಲ ಆಗ್ತದಾ?” 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಸಲ ಬಂದಾಗ ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ 13 ವರ್ಷ, ಬೆಳ್ಳಿ ಗೆದ್ದ ಬ್ರೆಜಿಲಿನ ರೈಸಾ ಲಿಯಾಲ್‌ಗೂ 13 ಅಂದೆ. ಅದರಿಂದ ಅವರೇನೂ ಕರಗಲಿಲ್ಲ. ಮಗಳು ಆಗ ಮೇಲೆ ಜಗಲಿಯಲ್ಲಿ ನಿಂತು ಮೊದಲ ಸಲ ಇಳಿಯಲು ನೋಡುತ್ತಿದ್ದಳು. ಡ್ರಾಪ್ ಇನ್ ಅನ್ನುವುದರಲ್ಲಿ ಗುಟ್ಟು ಒಂದೇ, ಮುಂದಿನ ಕಾಲನ್ನು ಪೂರ್ತಿ ತುಳಿಯಬೇಕು. ಅರ್ಧ ಮನಸ್ಸಿನಲ್ಲಿ ತುಳಿದವರು ಬೆನ್ನಿಗೆ ಬೀಳುತ್ತಾರೆ. ಅವಳು ಹತ್ತು ನಿಮಿಷ ನಿಂತಳು. ಆಮೇಲೆ ತಾಯಿಯೇ ಕೆಳಗಿನಿಂದ ಕೂಗಿದರು, “ತುಳಿ ಮಾರಾಯ್ತಿ, ನನಗೆ ಅಡಿಗೆ ಉಂಟು!” ತುಳಿದಳು, ಇಳಿದಳು. ಈಗ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಹುಡುಗಿಯರದ್ದು ಮಾತ್ರ. ಆ ನಿಯಮ ಜನವಾರಿನಿಂದ ತಂದದ್ದು, ಆದರೆ ಹೊತ್ತು ನಿಗದಿ ಮಾಡಿದ್ದು ಆ ತಾಯಂದಿರ ಅಡುಗೆ ಸಮಯ ನೋಡಿ.

ಮಳೆಗಾಲದ ರಿಪೇರಿ

ಜೂನಿನಿಂದ ಸೆಪ್ಟೆಂಬರ್ ಬೋರ್ಡು ಬಿಚ್ಚುವ ಕಾಲ. ನಮ್ಮ ತೇವಕ್ಕೆ ಬೇರಿಂಗ್ ಮೊದಲು ಸಾಯುತ್ತದೆ. ಸ್ಕೇಟ್‌ಬೋರ್ಡಿನ ಬೇರಿಂಗ್ ಏನೂ ಅಪರೂಪದ್ದಲ್ಲ, 608 ಸಂಖ್ಯೆಯದ್ದು: ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಸಣ್ಣ ಮೋಟರುಗಳಿಗೆ ಹಾಕುವುದೂ ಇದೇ, ಪೇಟೆಯ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಬೋರ್ಡಿಗೆ ಎಂಟು. ಕೇಳುವಾಗ ರಬ್ಬರ್ ಮುಚ್ಚಳದ್ದು ಕೇಳಿ. ಗುಂಡುಸೂಜಿಯಲ್ಲಿ ಮುಚ್ಚಳ ಎಬ್ಬಿಸಿ, ಪೆಟ್ರೋಲಿನಲ್ಲಿ ಅಲುಗಿಸಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಎರಡು ಹನಿ ಹಾಕಿದರೆ ಧೂಳು ಹಿಡಿಯುತ್ತದೆ. ಪೆಟ್ರೋಲಿನ ಕೆಲಸ ಹೊರಗೆ, ದೊಡ್ಡವರು ಹತ್ತಿರ ಇದ್ದು. ಚಕ್ರದ ನಟ್ಟಿಗೆ ಅರ್ಧ ಇಂಚಿನ ಸ್ಪ್ಯಾನರ್, ಇಲ್ಲದಿದ್ದರೆ 13ರದ್ದು ಆಗುತ್ತದೆ. ಬುಶಿಂಗ್, ಅಂದರೆ ಟ್ರಕ್ಕಿನೊಳಗಿನ ಮೆದು ಉಂಗುರ, ಮಾತ್ರ ಇಲ್ಲಿ ಸಿಗಲಿಲ್ಲ. ಬೈಕಿನ ರಬ್ಬರನ್ನು ಲೇತಿನಲ್ಲಿ ಕೊರೆಸಿ ಹಾಕಿ ನೋಡಿದೆವು, ಬೋರ್ಡು ಅಮಲೇರಿದವನ ಹಾಗೆ ಓಲಾಡಿತು.

ಕಾಂಕ್ರೀಟ್ ಮೊದಲ ಮಳೆಗಾಲ ಗೆದ್ದಿತು. ಹಾವಸೆ ಬಂತು, ಅಕ್ಟೋಬರಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ತಿಕ್ಕಿ ತೆಗೆದದ್ದು ಎರಡು ದಿನದ ಕೆಲಸ, ಹತ್ತೊಂಬತ್ತು ಜನ. ಇದ್ದಿಲಿನ ಪಟ್ಟಿ ಮಳೆಗೆ ಅಳಿಸಿಹೋಗಿತ್ತು, ಈಗ ಪೈಂಟಿನಲ್ಲಿ ಬರೆದಿದ್ದಾರೆ.

2025 ಜನವರಿ

ಮಾತಿನ ಪ್ರಕಾರ ಡಿಸೆಂಬರಿನಿಂದ ಸಪಾಟು ಅಡಿಕೆಗೆ. ನಾನು ಎಲ್ಲರೂ ಚದುರಿಹೋಗುತ್ತಾರೆ ಅಂದುಕೊಂಡಿದ್ದೆ. ಹುಡುಗರು ದೊಡ್ಡಪ್ಪನ ಹತ್ತಿರ ಮಾತಾಡಿ, ಸಂಜೆ ಅಡಿಕೆ ರಾಶಿ ಮಾಡಿ ಮುಚ್ಚುವ ಕೆಲಸ ತಾವು ಮಾಡುತ್ತೇವೆ, ಅದಾದ ಮೇಲೆ ಕತ್ತಲಾಗುವ ತನಕ ಬಾಗಿನ ಎದುರಿನ ಹದಿನೈದು ಅಡಿ ತಮಗೆ ಅಂತ ಒಪ್ಪಿಸಿಕೊಂಡರು. ಗುಡಿಸುವುದು ಮಾತ್ರ ಬಹಳ ಚೊಕ್ಕ, ಕಾರಣ ಗೊತ್ತಲ್ಲ, ಒಂದು ಗೋಟು ಉಳಿದರೂ ಮಂಡಿ ಹೋಗುತ್ತದೆ. ಬೋರ್ಡು ಸಲೀಸಾಗಿ ಜಾರಲಿ ಅಂತ ಮೇಣ ಹಚ್ಚುವುದನ್ನು ಪೈಪಿಗೆ ಮಾತ್ರ ಅಂತ ದೊಡ್ಡಪ್ಪ ಕಟ್ಟುನಿಟ್ಟು ಮಾಡಿದ್ದಾರೆ, ನೆಲಕ್ಕೆ ತಾಗಿದರೆ ಅಡಿಕೆಗೆ ಅಂಟುತ್ತದೆ. ಸರಿಯಾದ ಮಾತು, ನೆಲಕ್ಕೆ ಮೇಣ ತಾಗಿದರೆ ಸ್ಕೇಟರ್ ಕೂಡ ಜಾರಿ ಬೀಳುತ್ತಾನೆ.

ಮೊನ್ನೆ ಹಗಲಲ್ಲೇ ಮೋಡ ಕಟ್ಟಿ ಅಕಾಲ ಮಳೆಯ ಲಕ್ಷಣ. ನಾನು ಮೀಟಿಂಗ್ ಬಿಟ್ಟು ಓಡುವಷ್ಟರಲ್ಲಿ ಶಾಲೆ ಬಿಟ್ಟು ಬಂದಿದ್ದ ಎಂಟು ಮಕ್ಕಳು ಯೂನಿಫಾರ್ಮಿನಲ್ಲೇ ಅಡಿಕೆ ಎಳೆಯುತ್ತಿದ್ದರು. ಇಬ್ಬರು ಬೋರ್ಡಿನ ಮೇಲೆ ಬುಟ್ಟಿ ಇಟ್ಟು ನೂಕುತ್ತಾ ಚಾವಡಿಗೆ ಸಾಗಿಸುತ್ತಿದ್ದರು. ಮಳೆ ನಾಲ್ಕು ಹನಿ ಹಾಕಿ ಹೋಯಿತು. ದೊಡ್ಡಪ್ಪ ಚಾವಡಿಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಾ ಹೇಳಿದರು, “ಆ ಮಣೆಗೆ ಸ್ವಲ್ಪ ದೊಡ್ಡ ಚಕ್ರ ಸಿಗುವುದಿಲ್ಲವಾ? ಬುಟ್ಟಿ ಅಲುಗಾಡುತ್ತದೆ.”

ಸಿಗುತ್ತದೆ. 60 ಮಿಲಿಮೀಟರಿನ ಮೆದು ಚಕ್ರ ಒಂದು ಸೆಟ್ ತರಿಸಲು ಹಾಕಿದ್ದೇನೆ.